ಮೂರನೆಯ ಚರಣ ಮೊದಲು

ಗಂಡನ ಮಣ್ಣಿಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮಾರನೆಯ ಬೆಳಿಗ್ಗೆ, ಕಸದ ಗಾಡಿ ಎಂದಿನಂತೆ ಏಳೂಕಾಲಿಗೇ ಬಂತು. ಅದಕ್ಕಾದರೂ ಒಂದಿಷ್ಟು ನಾಚಿಕೆ ಬೇಡವೇ ಅನ್ನಿಸಿತು ಅವಳಿಗೆ. ಬಕೆಟ್ ಎತ್ತಿಕೊಂಡು ಹೋದಳು.

ವಾಪಸು ಬರುವಷ್ಟರಲ್ಲಿ ಪ್ರಾರ್ಥನಾ ಮಂದಿರದ ಕಾರ್ಯದರ್ಶಿ ಮನೆಯೊಳಗೆ ಅತ್ತೆಯ ಎದುರು ಕುಳಿತಿದ್ದರು. ಸುತ್ತಿ ಬಳಸಿ ವಿಷಯಕ್ಕೆ ಬಂದರು.

ಭಾನುವಾರದ ಪ್ರಾರ್ಥನೆಯಲ್ಲಿ ಹಾಡಿನ ಸಾಲುಗಳನ್ನು ಪರದೆಯ ಮೇಲೆ ಮೂಡಿಸುತ್ತಿದ್ದವನು ಅವಳ ಗಂಡ. ಆ ಹಾಡುಗಳು ಎಲ್ಲೂ ಅಚ್ಚಾದವಲ್ಲ, ಮಂದಿರದ ಹಿರೀಕರು ಕಟ್ಟಿದವು, ಒಂದು ಕೈಬರಹದ ಪುಸ್ತಕದಲ್ಲಷ್ಟೇ ಉಳಿದಿದ್ದವು. ಆರು ವರ್ಷದಿಂದ ಒಂದೊಂದನ್ನೇ ಟೈಪ್ ಮಾಡಿ ಹಳೆಯ ಲ್ಯಾಪ್‌ಟಾಪಿಗೆ ಸೇರಿಸಿದ್ದ. ಅದರೊಳಗಿದ್ದದ್ದೆಲ್ಲ ಮುಕ್ತ ತಂತ್ರಾಂಶ: ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಿ ಇನ್ನೊಬ್ಬರಿಗೆ ಕೊಡಬಹುದು. ಈಗ ಅದನ್ನು ಮುಟ್ಟುವ ಧೈರ್ಯ ಮಂದಿರದಲ್ಲಿ ಯಾರಿಗೂ ಇಲ್ಲ. ಸೋಮವಾರ ಒಂದು ಕಂಪನಿಯವರು ಸಿದ್ಧ ವ್ಯವಸ್ಥೆಯೊಂದನ್ನು ತಂದು ಹಾಕುತ್ತಾರಂತೆ. ಇನ್ನೂರು ಹಾಡು ಅದರಲ್ಲೇ ಬರುತ್ತವಂತೆ.

"ನಮ್ಮ ಹಾಡುಗಳು?" ಎಂದಳು.

"ಅದಕ್ಕೆ ಬೇರೆ ಹಾಡು ಸೇರ್ಸೋಕಾಗಲ್ವಂತೆ ಕಣಮ್ಮ. ನೆನಪಿದ್ದೋರು ಹಾಡ್ಕೋತಾರೆ."

"ಈ ಭಾನುವಾರ ನಾನು ನಡೆಸ್ತೀನಿ. ಆಮೇಲೆ ನೋಡಿ."

"ನಿಂಗೆ ಬರತ್ತಾ?"

"ಬರಲ್ಲ. ಕಲೀತೀನಿ."

ಕಾರ್ಯದರ್ಶಿ ಅತ್ತೆಯ ಮುಖ ನೋಡಿದರು. ಇವಳು ಹಿಡಿದ ಹಟ ಬಿಡುವವಳಲ್ಲ, ನನ್ನ ಮಗನನ್ನೂ ಹಾಗೇ ಹಿಡಿದಳು ಎಂದರು ಅತ್ತೆ. ಮೂರು ದಿನದಲ್ಲಿ ಮೊದಲ ಸಲ ಆ ಮನೆಯಲ್ಲಿ ಯಾರೋ ನಕ್ಕ ಸದ್ದಾಯಿತು.

ಲ್ಯಾಪ್‌ಟಾಪ್ ತೆರೆದುಕೊಂಡಿತು. ಪರದೆಗೆ ಮಾತ್ರ ಅಕ್ಷರವೇ ಬರಲಿಲ್ಲ, ಚೌಕಗಳ ಸಾಲು. ಆ ತಂತ್ರಾಂಶ ಬಳಸುವವರ ಅಂತರ್ಜಾಲ ವೇದಿಕೆಯಲ್ಲಿ ಪ್ರಶ್ನೆ ಹಾಕಿದಳು. ಗಂಟೆಯೊಳಗೆ ಯಾವುದೋ ದೂರದ ಊರಿನಿಂದ ಉತ್ತರ ಬಂತು. ಅವರು ನೀವು ಯಾರು, ಏನಾಯಿತು, ಹೇಗಾಯಿತು ಎಂದೇನೂ ಕೇಳಲಿಲ್ಲ. ತಂತ್ರಾಂಶದ ಯಾವ ಆವೃತ್ತಿ ಎಂದಷ್ಟೇ ಕೇಳಿದರು. ಆ ವಾರ ಅವಳ ಕಿವಿಗೆ ಬಿದ್ದ ಮಾತುಗಳಲ್ಲಿ ತಣ್ಣಗಿದ್ದದ್ದು ಅದೊಂದೇ.

ಅವರು ಹೇಳಿಕೊಟ್ಟಂತೆ ಮಾಡಿದಳು, ಚೌಕಗಳು ಅಕ್ಷರಗಳಾದವು.

ಬುಧವಾರ ಮಧ್ಯಾಹ್ನ, ಬದಲಾವಣೆಗಳ ಪಟ್ಟಿ ಕಣ್ಣಿಗೆ ಬಿತ್ತು. ಒಂದು ಹಾಡು ಸೇರಿಸಿದರೂ ತಿದ್ದಿದರೂ ಅವನು ತಾರೀಖಿನ ಎದುರು ಏಕೆಂದು ಒಂದು ಸಾಲು ಬರೆದಿಟ್ಟಿದ್ದ. ಸಾಲು ತಪ್ಪಿತ್ತು, ಸರಿಮಾಡಿದೆ. ಅಕ್ಷರ ದೊಡ್ಡದು ಮಾಡಿದೆ, ಹಿಂದಿನ ಸಾಲಿನವರಿಗೆ ಕಾಣುವುದಿಲ್ಲ. ಹೀಗೇ ಕೆಳಗಿಳಿದವಳ ಬೆರಳು ನಿಂತಿತು.

"ನಲವತ್ತೇಳು: ಮೂರನೆಯ ಚರಣ ಮೊದಲು. ಪುಸ್ತಕದಲ್ಲಿ ಹೀಗಿಲ್ಲ. ಅವಳು ಹಾಡಿದ್ದು ಹೀಗೆ."

ಆ ತಾರೀಖು ಅವಳಿಗೆ ಗೊತ್ತು. ಅಂದು ಮಂದಿರಕ್ಕೆ ಹೊಸಬಳು. ಮುಂದೆ ನಿಂತು ಹಾಡು ಎಂದಿದ್ದರು. ಗಾಬರಿಯಲ್ಲಿ ಮೊದಲೆರಡು ಚರಣ ಹಾರಿಸಿ ಮೂರನೆಯದನ್ನೇ ಎತ್ತಿಕೊಂಡಳು. ನೂರು ಗಂಟಲು ಒಟ್ಟಿಗೆ ತಡವರಿಸಿದವು. ಪ್ರೊಜೆಕ್ಟರಿನ ಪಕ್ಕ ಕುಳಿತಿದ್ದವನೊಬ್ಬ ತಲೆಯೆತ್ತಿ ಅವಳನ್ನು ನೋಡಿದ, ಹುಬ್ಬು ಹಾರಿಸಿದ, ಮರುಕ್ಷಣ ಪರದೆಯ ಮೇಲೆ ಅವಳ ಸಾಲೇ ಇತ್ತು. ಇಡೀ ಮಂದಿರ ಅವಳ ಹಿಂದೆ ಬಂತು.

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಕ್ಷಮೆ ಕೇಳಿದ್ದಳು: "ನಂದೇ ತಪ್ಪು."

"ನಿಮ್ಮದಾ? ಇಷ್ಟು ದಿನ ನಾವೇ ತಪ್ಪು ಹಾಡ್ತಿದ್ವಿ ಅಂದ್ಕೊಂಡೆ," ಎಂದಿದ್ದ. ಮುಖದಲ್ಲಿ ನಗುವಿರಲಿಲ್ಲ, ಕಣ್ಣು ಮಾತ್ರ ನಗುತ್ತಿತ್ತು.

ಮರುದಿನವೇ ಅವನು ಸರಿಮಾಡಿರುತ್ತಾನೆ ಎಂದುಕೊಂಡು, ಪರದೆಯಲ್ಲಿ ಬಂದ ಕ್ರಮವೇ ಸರಿಯೆಂದು ಅವಳೂ ಹಾಡಿಕೊಂಡು ಬಂದಿದ್ದಳು. ಅಂದಿನಿಂದ ಇಡೀ ಮಂದಿರ ಹಾಡುತ್ತಾ ಬಂದದ್ದು ಅವಳ ತಪ್ಪನ್ನು.

ಕೀಬೋರ್ಡಿನ ಮೇಲೆ ತಲೆಯಿಟ್ಟು ಅತ್ತಳು. ಮಣ್ಣು ಹಾಕುವಾಗ ಬಾರದ ಅಳು. ಪರದೆಯ ತುಂಬ ಒಂದೇ ಅಕ್ಷರ ಸಾಲುಗಟ್ಟಿ ಓಡುತ್ತಿತ್ತು. ಅಳು ಮುಗಿಸಿ ಅದನ್ನೆಲ್ಲ ಅಳಿಸಿದಳು.

ಪಟ್ಟಿಯ ಕೊನೆಯ ಸಾಲು, ಅವನು ಹೋಗುವ ನಾಲ್ಕು ದಿನ ಮುಂಚಿನದು: "ಹನ್ನೊಂದು ಬಾಕಿ. ಆಮೇಲೆ ಪುಸ್ತಕ ಪಿಯಾನೊ ಅಜ್ಜಿಗೆ ವಾಪಸ್."

ಪುಸ್ತಕ ಅವನ ಬ್ಯಾಗಿನಲ್ಲಿತ್ತು. ಮಂದಿರದಲ್ಲಿ ಪಿಯಾನೊ ನುಡಿಸುವ ಅಜ್ಜಿ ಹರೆಯದಲ್ಲಿ ಕೈಯಾರೆ ಬರೆದುಕೊಂಡದ್ದು. ಗುರುವಾರ ನಾಲ್ಕು ಹಾಡು, ಶುಕ್ರವಾರ ಮೂರು, ಶನಿವಾರ ಉಳಿದ ನಾಲ್ಕು. ಪ್ರತಿಯೊಂದರ ಎದುರೂ ಅವನಂತೆಯೇ ಒಂದೊಂದು ಸಾಲು ಬರೆದಳು. ಹನ್ನೊಂದನೆಯದಕ್ಕೆ ಬರೆದದ್ದು ಇಷ್ಟು: "ಮುಗೀತು ಕಣೋ."

ಭಾನುವಾರ ಎರಡನೆಯ ಹಾಡಿಗೇ ಪರದೆ ಕಪ್ಪಾಯಿತು. ಕಾರ್ಯದರ್ಶಿ ಹಿಂದಿರುಗಿ ನೋಡಿದರು. ಅವಳು ಕೇಬಲ್ ಕಿತ್ತು ಮತ್ತೆ ಚುಚ್ಚಿದಳು, ಸಾಲು ಬಂತು. ಕಪ್ಪಾದಷ್ಟು ಹೊತ್ತೂ ಜನ ಹಾಡುತ್ತಲೇ ಇದ್ದರು.

ಎಲ್ಲರೂ ಎದ್ದ ಮೇಲೆ ಕಾರ್ಯದರ್ಶಿ ಬಂದು, ಕಂಪನಿಯವರಿಗೆ ಬರಬೇಡಿ ಎಂದು ಫೋನ್ ಮಾಡುವುದಾಗಿ ಹೇಳಿದರು. ಕಲಿಯಲು ಇಬ್ಬರನ್ನು ಕಳಿಸಿ, ಒಬ್ಬರ ಕೈಯಲ್ಲೇ ಇರುವುದು ಬೇಡ ಎಂದಳು ಅವಳು.

ಪಿಯಾನೊ ಅಜ್ಜಿ ಮುಚ್ಚಳ ಹಾಕುತ್ತಿದ್ದರು. ಅವಳು ಪುಸ್ತಕ ಹಿಡಿದು ಹತ್ತಿರ ಹೋಗಿ ನಿಂತಳು.

"ಕೇಳ್ದಾಗೆಲ್ಲ 'ಇನ್ನೊಂದೇ ವಾರ ಅಜ್ಜಿ' ಅಂತಿದ್ದ, ಕಳ್ಳ," ಎಂದರು ಅಜ್ಜಿ, ಪುಸ್ತಕ ನೋಡಿ. "ನೀನೇ ಇಟ್ಕೊ ಮಗಳೇ. ಅವನ ಕೈ ಆಡಿದ್ದು."

"ಇಲ್ಲ ಅಜ್ಜಿ. ವಾಪಸ್ ಕೊಡ್ಬೇಕು ಅಂತ ಬರೆದಿಟ್ಟಿದ್ದ."

ಅಜ್ಜಿ ಅಂಗೈ ಚಾಚಿದರು. ಒಂದು ಕೈಯಲ್ಲಿ ಕೊಡಲು ಹೋದಳು, ಆಗಲಿಲ್ಲ. ಬಿಡಲು ಅವಳಿಗೆ ಎರಡೂ ಕೈ ಬೇಕಾದವು.