ಹಸಿರು ವೆಲ್ವೆಟ್ಟಿನ ಹೊದಿಕೆ

"ಅದನ್ನ ಮುಟ್ಬೇಡಿ ಕಣ್ರೀ!"

ರಂಜಿತಳ ಕೈ ಗಾಳಿಯಲ್ಲೇ ನಿಂತಿತು.

ಪಾಂಡವಪುರದ ಪೇಟೆ ಬೀದಿಯ ಆ ಪುಟ್ಟ ವಿಡಿಯೋ ಸ್ಟುಡಿಯೋಗೆ ಅವಳು ಬಂದದ್ದೇ ಜಗಳ ಆಡಲು. ಚಿಕ್ಕಪ್ಪನ ಮಗಳ ಮದುವೆ ಮುಗಿದು, ಈಗ ಸೀಮಂತದ ಮಾತು ನಡೆಯುತ್ತಿತ್ತು. ಮದುವೆ ಕ್ಯಾಸೆಟ್ ಮಾತ್ರ ಇನ್ನೂ ಮನೆಗೆ ಬಂದಿರಲಿಲ್ಲ! ಬೈಗುಳವನ್ನೆಲ್ಲ ದಾರಿಯಲ್ಲೇ ಸಿದ್ಧಮಾಡಿಕೊಂಡು ಬಂದಿದ್ದಳು. ಆದರೆ ಒಳಗೆ ಕಾಲಿಟ್ಟಾಗ ಕಣ್ಣಿಗೆ ಬಿದ್ದದ್ದು ಕಂಪ್ಯೂಟರ್ ಡಬ್ಬಕ್ಕೆ ಹೊದಿಸಿದ್ದ ಹಸಿರು ವೆಲ್ವೆಟ್ ಬಟ್ಟೆ, ಅಂಚಿಗೆಲ್ಲ ಬಿಳಿ ಮಣಿ. ಎಷ್ಟು ಚೆಂದ ಎಂದು ಕೈ ಚಾಚಿದ್ದಷ್ಟೇ.

"ನಮ್ಮಮ್ಮ ಹೊಲ್ದಿದ್ದು," ಎಂದ ಸ್ಟುಡಿಯೋದ ಹುಡುಗ, ಕೂಗಿದ್ದಕ್ಕೆ ತಾನೇ ನಾಚಿಕೊಂಡು. "ಹೊಸ ಮಿಷನ್ನು, ಧೂಳು ಕೂತ್ಕೋತದೆ ಕಣ್ಲಾ ಅಂತ ಕಾಯ್ಲೆಲಿದ್ರೂ ಕೂತ್ಕೊಂಡು ಹೊಲಿದ್ರು. ಅದು ಮುಗಿದ ಮ್ಯಾಲೆ ಜಾಸ್ತಿ ದಿನ ಇರ್ಲಿಲ್ಲ."

ಅವನ ಹೆಸರು ಶಶಾಂಕ್. ಮರಗೆಲಸದ ಕೃಷ್ಣಮೂರ್ತಿಯವರ ಮಗ. ಉಳಿ ಹಿಡಿಯಬೇಕಾದ ಕೈಯಲ್ಲಿ ಕ್ಯಾಮೆರಾ ಹಿಡಿದವನು.

ಬೈಗುಳ ಎಲ್ಲಿ ಹೋಯಿತೋ! ರಂಜಿತ ಮೆಲ್ಲಗೆ ಕೇಳಿದಳು. "ಕ್ಯಾಸೆಟ್ಟು ಯಾಕೆ ಲೇಟು?"

"ನೀವೇ ನೋಡಿ."

ತೆರೆಯ ಮೇಲೆ ತಾವರೆ ಮೊಗ್ಗೊಂದು ಕಾಣಿಸಿತು. ಅದು ಅರಳಿ, ಒಳಗಿಂದ ಗಂಡು ಹೆಣ್ಣು ನಗುತ್ತಾ ಬರಬೇಕು. ಆ ವರ್ಷ ಈ ಎಫೆಕ್ಟ್ ಇಲ್ಲದ ಮದುವೆ ಕ್ಯಾಸೆಟ್ಟನ್ನು ಯಾರೂ ಮುಟ್ಟುತ್ತಲೇ ಇರಲಿಲ್ಲ. ಒಂದು ದಳ ಬಿಚ್ಚಿತು... ಇನ್ನೊಂದು... ಅಷ್ಟೇ. ಎಲ್ಲ ನಿಂತುಹೋಯಿತು.

"ಹ್ಯಾಂಗ್ ಆಯ್ತು," ಎಂದ ಶಶಾಂಕ್ ಸೋತ ದನಿಯಲ್ಲಿ. "ದಿನಾ ಇದೇ ಗೋಳು."

"ನಾನು ಮೈಸೂರಲ್ಲಿ ಕಂಪ್ಯೂಟರ್ ಕ್ಲಾಸ್ ಮಾಡಿದೀನಿ. ಒಂದ್ಸಲ ನೋಡ್ಲಾ?"

ಹಾಗೆ ಶುರುವಾಯಿತು. ಅದು ತೊಂಬತ್ತೊಂಬತ್ತನೇ ಇಸವಿಯ ಜನವರಿ, ಗದ್ದೆಗಳಲ್ಲಿ ಕಬ್ಬಿನ ಕಟಾವು ಜೋರಾಗಿದ್ದ ಕಾಲ.

ಸಂಜೆ ಹೊತ್ತು ರಂಜಿತ ಸ್ಟುಡಿಯೋಗೆ ಬರತೊಡಗಿದಳು. ಸಾಫ್ಟ್‌ವೇರ್ ಅಳಿಸಿ ಮತ್ತೆ ಹಾಕಿದಳು. ವೈರಸ್ ಇದೆಯೇ ಎಂದು ಹುಡುಕಿದಳು. ಅವನು ಕದ್ದು ಆಡುತ್ತಿದ್ದ ಇಸ್ಪೀಟ್ ಆಟವನ್ನೂ ಕಿತ್ತುಹಾಕಿ, ಅವನ ಮುಖ ನೋಡಿ ನಕ್ಕಳು. ಊಹೂಂ... ತಾವರೆ ಮಾತ್ರ ಎರಡು ದಳ ಬಿಚ್ಚಿ ನಿಂತುಬಿಡುತ್ತಿತ್ತು.

"ಇದಕ್ಕೆ ನಿಮ್ಮ ಮ್ಯಾಲೆ ಏನೋ ಪ್ರೀತಿ ಕಣ್ರೀ," ಎಂದ ಒಂದು ಸಂಜೆ. "ಕೆಟ್ಟಿದ್ರೆ ತಾನೆ ನೀವು ಬರೋದು?"

ತಮಾಷೆಗೆ ಅಂದಿದ್ದು. ಆದರೆ ಆ ರಾತ್ರಿ ರಂಜಿತಳಿಗೆ ನಿದ್ದೆ ಬರಲಿಲ್ಲ.

ಆಮೇಲೊಂದು ದಿನ ಅವನು ಚಹಾ ತರಲು ಹೋಗಿದ್ದಾಗ, ಧೂಳು ಕೊಡವೋಣ ಎಂದು ಅವಳು ಆ ಹೊದಿಕೆಯನ್ನು ಮೆಲ್ಲಗೆ ತೆಗೆದಳು. ಡಬ್ಬ ಮುಟ್ಟಿದರೆ ಕಾದ ಕಾವಲಿ! ಒಳಗಿನ ಬಿಸಿಗಾಳಿಯನ್ನು ಹೊರಹಾಕುವ ಫ್ಯಾನು ಇದ್ದದ್ದು ಹಿಂದೆ. ಆ ತಾಯಿ ಪ್ರೀತಿಯಿಂದ ಹಿಂಭಾಗವನ್ನೂ ಬಿಡದೆ ಮುಚ್ಚಿ ಹೊಲಿದಿದ್ದಳು.

ಡಬ್ಬ ತಣ್ಣಗಾದ ಮೇಲೆ ರಂಜಿತ ಮತ್ತೆ ಎಫೆಕ್ಟ್ ಹಾಕಿದಳು. ತಾವರೆ ಅರಳಿತು. ಪೂರ್ತಿ ಅರಳಿತು!

ಕೂಗಿ ಕರೆಯಬೇಕು ಅನ್ನಿಸಿತು. ಮರುಕ್ಷಣವೇ ತಡೆದುಕೊಂಡಳು.

'ಇದು ಸರಿಹೋದರೆ... ನಾಳೆಯಿಂದ ನಾನು ಯಾಕೆ ಬರಲಿ?'

ಇನ್ನೊಂದು ಅಳುಕೂ ಇತ್ತು. ನಿಮ್ಮಮ್ಮ ಹೊಲಿದ ಬಟ್ಟೆಯೇ ಇದರ ಉಸಿರು ಕಟ್ಟಿಸುತ್ತಿದೆ ಎಂದು ಅವನಿಗೆ ಯಾವ ಬಾಯಲ್ಲಿ ಹೇಳುವುದು? ನಾಳೆ ಹೇಳೋಣ ಎಂದುಕೊಂಡು ಹೊದಿಕೆಯನ್ನು ಮೊದಲಿದ್ದಂತೆ ಹೊದಿಸಿಟ್ಟಳು.

ಆ ನಾಳೆ ಬರಲಿಲ್ಲ. ಪಾಪದ ಹುಡುಗಿ... ಅವಳಿಗೆ ಬೇಕಿದ್ದದ್ದು ಇನ್ನೊಂದಷ್ಟು ಸಂಜೆ ಮಾತ್ರ. ಅವನು ಶೂಟಿಂಗಿಗೆ ಹೋದಾಗ ಹೊದಿಕೆ ತೆಗೆದು ಒಂದಿಷ್ಟು ಕೆಲಸ ಮುಗಿಸುವಳು. ಅವನು ಬರುವ ಹೊತ್ತಿಗೆ ಮತ್ತೆ ಹೊದಿಸುವಳು. ಆದರೆ ಅವಳ ಆ ಸಂಜೆಗಳ ಬೆಲೆ ಬೇರೆಯವರು ತೆರುತ್ತಿದ್ದಾರೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಒಂದು ಮಧ್ಯಾಹ್ನ ಶಶಾಂಕ್ ಹೇಳದೆ ಕೇಳದೆ ಹಿಂದಿರುಗಿದ. ಮುಖ ಕಪ್ಪಿಟ್ಟಿತ್ತು. ಕೆ.ಆರ್. ಪೇಟೆಯ ದ್ಯಾವಯ್ಯ, ಮೊಮ್ಮಗಳ ಮದುವೆ ಕ್ಯಾಸೆಟ್ಟಿಗೆ ಕಾದು ಕಾದು ಸಾಕಾಗಿದ್ದವರು, ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನರೆದುರು ಅವನನ್ನು ಕಳ್ಳ ಎಂದಿದ್ದರು.

ಒಳಗೆ ಬಂದು ನೋಡಿದರೆ ಹೊದಿಕೆ ಕುರ್ಚಿಯ ಮೇಲೆ ಬಿದ್ದಿತ್ತು. ತೆರೆಯಲ್ಲಿ ತಾವರೆ ಸಲೀಸಾಗಿ ಅರಳುತ್ತಿತ್ತು.

ಅವನು ಬಟ್ಟೆಯನ್ನು ನೋಡಿದ. ತಾವರೆಯನ್ನು ನೋಡಿದ. ಅವಳನ್ನು ನೋಡಿದ.

"ಯಾವಾಗಿಂದ ಗೊತ್ತಿತ್ತು?"

ರಂಜಿತ ತಲೆ ತಗ್ಗಿಸಿದಳು.

"ಜನ ನನ್ನನ್ನ ಕಳ್ಳ ಅಂದ್ರು ಕಣ್ರೀ ಇವತ್ತು! ನೀವಿಲ್ಲಿ ಬಟ್ಟೆ ತೆಗ್ದು ಹಾಕಿ, ತೆಗ್ದು ಹಾಕಿ ಆಟ ಆಡ್ತಿದ್ರಾ? ಬರಕ್ಕೊಂದು ನೆಪ ಬೇಕು ಅಂತ ನನ್ನ ಅನ್ನಕ್ಕೇ ಕಲ್ಲು ಹಾಕಿದ್ರಾ? ನೀವು ಇಂಥ ಹೆಣ್ಮಗ್ಳು ಅಂತ ಗೊತ್ತಿರ್ಲಿಲ್ಲ!"

ಇಂಥ ಹೆಣ್ಣುಮಗಳು...

ತಪ್ಪಾಯ್ತು ಎನ್ನಲು ಬಾಯಿ ತೆರೆದಿದ್ದಳು. ಆ ಒಂದು ಮಾತು ಅವಳ ಬಾಯಿ ಮುಚ್ಚಿಸಿತು. ಚಪ್ಪಲಿ ಮೆಟ್ಟಿಕೊಂಡು ಬಿಸಿಲಿಗಿಳಿದಳು. ಅವನು ಕರೆಯಲಿಲ್ಲ, ಇವಳು ತಿರುಗಲಿಲ್ಲ.

ಒಂದು ಸಲ ತಿರುಗಿದ್ದಿದ್ದರೆ! ಬಾಗಿಲಲ್ಲಿ ನಿಂತವನ ಕಣ್ಣಾದರೂ ಕಾಣುತ್ತಿತ್ತು.

ಎರಡು ತಿಂಗಳು ಕಳೆಯಿತು. ಗದ್ದೆ ಬದುವಿನ ಮೇಲೆ ನಡೆಯುವಾಗಲೂ ರಂಜಿತಳಿಗೆ ಅದೇ ಯೋಚನೆ. 'ತಪ್ಪು ನನ್ನದು. ಹೇಳಿದ್ದರೆ ಏನಾಗುತ್ತಿತ್ತು? ಅವನ ಹತ್ತಿರ ಇರಬೇಕೆಂದು ಅವನ ಬದುಕನ್ನೇ ಕೆಡಿಸಿದೆನಲ್ಲ...'

ಅಷ್ಟರಲ್ಲಿ ನಾಗಮಂಗಲದ ಮಂಚಯ್ಯ ಸಂಬಂಧ ತಂದರು. ಅವರ ಅಕ್ಕನ ಮಗ ಸಂತೋಷ್ ಮಸ್ಕಟ್‌ನಲ್ಲಿದ್ದ. ರಜೆ ಇಲ್ಲವಂತೆ. ಹೆಣ್ಣು ನೋಡುವ ಶಾಸ್ತ್ರ ಕಂಪ್ಯೂಟರಿನಲ್ಲೇ ಆಗಲಿ ಎಂದು, ಊರಿಗೆ ಬರುವವರ ಕೈಯಲ್ಲಿ ನಿಂಬೆಹಣ್ಣಿನ ಗಾತ್ರದ ಕ್ಯಾಮೆರಾವನ್ನೂ ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಮೋಡೆಮ್ಮನ್ನೂ ಕಳಿಸಿದ್ದ.

"ಕಂಪ್ಯೂಟ್ರು?" ಎಂದರು ಅಪ್ಪ ಚಿಕ್ಕಸ್ವಾಮಿ.

"ಪೇಟೆಲಿ ಒಬ್ಬ ವಿಡಿಯೋ ಹುಡ್ಗ ಅವ್ನಲ್ಲ, ಅವನ್ಗೇ ಹೇಳಿವ್ನಿ. ಮಿಷನ್ ತಂದು ಫಿಟ್ ಮಾಡ್ಕೊಡ್ತಾನೆ."

ಅಡುಗೆಮನೆಯಲ್ಲಿದ್ದ ರಂಜಿತ ಬಾಗಿಲ ಮರೆಗೆ ಬಂದು ನಿಂತಳು.

ಅವನು ಬಂದ. ಆಟೋದಿಂದ ಮಾನಿಟರ್ ಇಳಿಸಿದ. ಡಬ್ಬ ಇಳಿಸಿದ. ಡಬ್ಬದ ಮೇಲೆ ಹೊದಿಕೆ ಇರಲಿಲ್ಲ. ಹಸಿರು ಹೊದಿಕೆಯನ್ನು ಪೆಟ್ಟಾಗದಿರಲೆಂದು ಮಾನಿಟರಿಗೆ ಸುತ್ತಿದ್ದ. ಬಿಚ್ಚಿ, ಮಡಿಸಿ, ಮೇಜಿನ ಮೂಲೆಯಲ್ಲಿಟ್ಟ. ಅವಳನ್ನು ನೋಡಲಿಲ್ಲ.

ಅಪ್ಪ ಅವಳನ್ನು ಕಿಟಕಿಗೆ ಬೆನ್ನು ಮಾಡಿ ಕೂರಿಸಿದ್ದರು. ತೆರೆಯಲ್ಲಿ ಮೂಡಿದ್ದು ಬರೀ ಕಪ್ಪು ನೆರಳು.

"ಅಯ್ಯೋ, ನನ್ ಮೊಮ್ಮಗ್ಳನ್ನ ಕರೀ ಮಡಕೆ ಮಾಡಿಬುಟ್ಟವ್ರಲ್ಲೋ!" ಎಂದಳು ಅಜ್ಜಿ ಚಿಕ್ಕಬೋರಮ್ಮ, ಗೋಡೆಗೊರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ.

"ಬೆಳಕು ಬೆನ್ನಿಗಿರಬಾರ್ದು ಅಜ್ಜಿ, ಮುಖಕ್ಕೆ ಬರ್ಬೇಕು." ಶಶಾಂಕ್ ಮೇಜನ್ನು ಎಳೆದು ಕಿಟಕಿಯ ಕಡೆಗಿಟ್ಟ. ಕುರ್ಚಿ ತಿರುಗಿಸಿದ. ಒಂದು ಕೆನ್ನೆ ಇನ್ನೂ ಮಸುಕಾಗಿತ್ತು. ಅಪ್ಪನ ಬಿಳಿ ಪಂಚೆಯನ್ನು ಆ ಪಕ್ಕದ ಬಾಗಿಲಿಗೆ ಹರವಿದ. ಬೆಳಕು ಅದಕ್ಕೆ ಬಡಿದು ಮೃದುವಾಗಿ ಮರಳಿತು. ಕ್ಯಾಮೆರಾ ತೀರ ತಗ್ಗಿನಲ್ಲಿದೆ ಎಂದು ರಾಗಿ ಅಳೆಯುವ ಸೇರನ್ನು ಬೋರಲು ಹಾಕಿ ಅದರ ಮೇಲಿಟ್ಟ.

ಈಗ ತೆರೆಯಲ್ಲಿ ರಂಜಿತಳ ಮುಖ ಮೂಡಿತು. ಅಷ್ಟು ಚೆನ್ನಾಗಿ ತಾನು ಯಾವ ಕನ್ನಡಿಯಲ್ಲೂ ಕಂಡಿರಲಿಲ್ಲ ಅನ್ನಿಸಿತು ಅವಳಿಗೆ. ಇನ್ಯಾರಿಗೋ ತೋರಿಸಲು ಅವನೇ ಅವಳನ್ನು ಇಷ್ಟು ಚೆಂದ ಮಾಡಬೇಕೆ!

ಅಪ್ಪ, ಮಂಚಯ್ಯ ಫೋನಿನ ವೈರು ಎಳೆಯಲು ಹೊರಗೆ ಹೋದರು.

"ಹೊದಿಕೆ... ಹಾಕ್ತಿಲ್ವಾ ಈಗ?" ಮೆಲ್ಲಗೆ ಕೇಳಿದಳು.

"ಇಲ್ಲ."

"ಮಿಷನ್ನು ಚೆನ್ನಾಗಿ ಓಡ್ತದಾ?"

"ಓಡ್ತದೆ. ಒಂದ್ಸಲಾನೂ ನಿಲ್ಲಕಿಲ್ಲ." ವೈರು ಸಿಕ್ಕಿಸುತ್ತಲೇ ಹೇಳಿದ. "ದ್ಯಾವಯ್ಯನ ಕೆಲ್ಸ ಮುಕ್ಕಾಲು ಭಾಗ ನೀವೇ ಮುಗ್ಸಿಟ್ಟಿದ್ರಿ. ಅದು ನಂಗೆ ಆಮೇಲೆ ಗೊತ್ತಾಯ್ತು. ಅಷ್ಟೊತ್ಗೆ ಬಾಯಿಗ್ ಬಂದಿದ್ದು ಅಂದುಬುಟ್ಟಿದ್ದೆ. ನಿಮ್ಮನೆ ಬಾಗ್ಲಿಗೆ ಯಾವ ಮುಖ ಹೊತ್ಕೊಂಡು ಬರ್ಲಿ?"

"ತಪ್ಪು ನಂದೇ..."

"ಲೈನ್ ಸಿಕ್ತು! ಹಾಕಪ್ಪಾ!" ಹೊರಗಿಂದ ಮಂಚಯ್ಯ ಕೂಗಿದರು.

ಶಶಾಂಕ್ ಕಣ್ಣೊರೆಸಿಕೊಂಡ. "ತೆರೆ ನೋಡ್ಬೇಡಿ. ಕ್ಯಾಮೆರಾನೇ ನೋಡಿ. ಆಗ ಅವರನ್ನೇ ನೋಡ್ದಂಗೆ ಕಾಣ್ತದೆ."

ಹೇಳಿ ಕ್ಯಾಮೆರಾದ ಹಿಂದೆಯೇ ನಿಂತ. ಪಾಪ, ಅವಳು ಇನ್ನೆಲ್ಲಿ ನೋಡಬೇಕು?

ಅಪ್ಪ, ಮಂಚಯ್ಯ ಒಳಗೆ ಬಂದು ಕೂತರು. ತೆರೆಯ ಮೂಲೆಯಲ್ಲಿ ಸಂತೋಷನ ಮುಖ ಚೂರುಚೂರಾಗಿ ಮೂಡಿತು. ದನಿ ತಡೆದು ತಡೆದು ಬಂತು. ಒಳ್ಳೆಯವನಂತೆಯೇ ಕಂಡ.

"ಮಾವ, ಸ್ವಲ್ಪ ಬಲಕ್ಕೆ ತಿರುಗೋಕೆ ಹೇಳಿ."

ರಂಜಿತ ತಿರುಗಿದಳು.

"ನಿಲ್ಲೋಕೆ ಹೇಳಿ. ಎತ್ತರ ನೋಡ್ಬೇಕು."

ನಿಂತಳು. ಕಣ್ಣು ಮಾತ್ರ ಕ್ಯಾಮೆರಾದ ಹಿಂದೆಯೇ ಇತ್ತು. ಶಶಾಂಕನ ಮುಖದ ಬಣ್ಣ ಇಳಿಯುತ್ತಿದ್ದುದನ್ನು ಅವಳೊಬ್ಬಳೇ ಕಂಡಳು.

ಆಗ ಅವನ ಕೈ ಮೇಜಿನ ಮೂಲೆಗೆ ಹೋಯಿತು. ಹಸಿರು ವೆಲ್ವೆಟ್ ಬಟ್ಟೆ ಬಿಚ್ಚಿಕೊಂಡಿತು. ರಂಜಿತಳ ಹೊರತು ಯಾರೂ ಗಮನಿಸಲಿಲ್ಲ. ಅವನು ಅದನ್ನು ಡಬ್ಬದ ಮೇಲೆ, ಹಿಂಭಾಗ ಪೂರ್ತಿ ಮುಚ್ಚುವಂತೆ, ನಿಧಾನವಾಗಿ ಹೊದಿಸಿದ.



'ಅಯ್ಯೋ ದೇವರೇ... ಇವನೂ!'

ಸಂತೋಷ್ ಏನೋ ಕೇಳುತ್ತಿದ್ದ. ಅವಳು ಏನೋ ಹೇಳುತ್ತಿದ್ದಳು. ಕಿವಿಯೆಲ್ಲ ಡಬ್ಬದ ಕಡೆಗೆ. ಏಪ್ರಿಲ್ ತಿಂಗಳ ಸೆಕೆ, ಹೆಚ್ಚು ಹೊತ್ತು ಬೇಕಾಗಲಿಲ್ಲ. ತೆರೆಯಲ್ಲಿ ಸಂತೋಷ್ ಅರ್ಧ ಬಾಯಿ ತೆರೆದವನು ಹಾಗೆಯೇ ನಿಂತುಬಿಟ್ಟ.

"ಯಾಕ್ಲಾ ಹುಡ್ಗ ಆಕಳಿಸ್ತಾವ್ನೆ?" ಎಂದಳು ಅಜ್ಜಿ.

"ಹ್ಯಾಂಗ್ ಆಯ್ತು," ಎಂದ ಶಶಾಂಕ್. ತಲೆ ಎತ್ತಲಿಲ್ಲ. "ಇವತ್ತಿಗೆ ಇದು ಓಡಕಿಲ್ಲ."

"ಥೂ! ಎಂಥ ಡಬ್ಬ ತಂದಿದೀಯಯ್ಯಾ?" ಮಂಚಯ್ಯ ರೇಗಿದರು. "ನಾಳೆ ಮೈಸೂರಿಂದ ಬೇರೆಯವ್ರನ್ನ ಕರ್ಸಾನ, ಚಿಕ್ಕಸ್ವಾಮಣ್ಣ."

ರಂಜಿತ ಸುಮ್ಮನಿದ್ದರೆ ಸಾಕಿತ್ತು. ಒಂದು ದಿನ ಸಿಗುತ್ತಿತ್ತು. ಹೀಗೆಯೇ ಒಂದೊಂದು ದಿನ ಕದ್ದುಕೊಂಡದ್ದಕ್ಕೆ ಏನಾಯಿತು ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈಗಲೂ ಕಳ್ಳ ಎನಿಸಿಕೊಳ್ಳುವವನು ಅವನೇ.

ಅವಳು ಮೇಜಿನ ಬಳಿಗೆ ನಡೆದಳು. ಹೊದಿಕೆ ತೆಗೆದು ಎದೆಗವಚಿಕೊಂಡಳು.

"ಮಿಷನ್ ಕೆಟ್ಟಿಲ್ಲ ಅಪ್ಪಾ. ಇದನ್ನ ಹೊದ್ಸಿದ್ರೆ ಬಿಸಿಯಾಗಿ ನಿಂತೋಯ್ತದೆ. ಈಗ ಇವ್ರು ಬೇಕು ಅಂತಲೇ ಹೊದ್ಸುದ್ರು. ಮುಂಚೆ ನಾನೂ ಇಂಗೇ ಮಾಡ್ತಿದ್ದೆ... ದಿನಾ ಇವ್ರ ಸ್ಟುಡಿಯೋಗೆ ಹೋಗ್ಬೋದು ಅಂತ. ಅದ್ರಿಂದ ಇವ್ರು ಜನರ ಕೈಲಿ ಅನ್ನಿಸ್ಕೊಂಡ್ರು. ಇನ್ನು ಯಾರ ಹತ್ರಾನೂ ಸುಳ್ಳು ಬೇಡ. ಮಸ್ಕಟ್ನೋರಿಗೂ ಮೋಸ ಬೇಡ. ನಂಗೆ ಈ ಸಂಬಂಧ ಬೇಡ ಅಪ್ಪಾ. ನಂಗೆ ಇವ್ರು ಬೇಕು."



ಮಂಚಯ್ಯ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಕ್ಯಾಮೆರಾ ಕಿತ್ತು ಜೇಬಿಗಿಳಿಸಿ ಹೊರಟೇಹೋದರು. ಚಿಕ್ಕಸ್ವಾಮಿಯ ಮುಖ ಕೆಂಪಾಗಿತ್ತು.

"ಏನ್ಲಾ?" ಎಂದರು ಶಶಾಂಕನತ್ತ ತಿರುಗಿ. "ನಮ್ಮ ಜಾತಿ ಬೇರೆ, ನಿಮ್ಮ ಜಾತಿ ಬೇರೆ. ಗೊತ್ತಾ?"

"ಗೊತ್ತು ಯಜಮಾನ್ರೇ. ಅದ್ಕೇ ಬಾಯಿ ಬುಟ್ಟಿರ್ಲಿಲ್ಲ. ಇವತ್ತು... ಕೈ ತಡೀಲಿಲ್ಲ."

"ಲೇ ಚಿಕ್ಕಸ್ವಾಮಿ," ಗೋಡೆಯ ಬುಡದಿಂದ ಅಜ್ಜಿಯ ದನಿ ಬಂತು. "ಆ ಮಸ್ಕಟ್ನೋನು ಇವ್ಳನ್ನ ಸಂತೇಲಿ ದನ ತಿರುಗ್ಸಿದಂಗೆ ತಿರುಗ್ಸಿ ನೋಡ್ದ. ಈ ಹುಡ್ಗ ಬೆಳಿಗ್ಗಿಂದ ಇವ್ಳ ಮುಖಕ್ಕೆ ಬೆಳಕು ಬೀಳ್ಲಿ ಅಂತ ಒದ್ದಾಡ್ತಾವ್ನೆ, ಅದೂ ಇನ್ನೊಬ್ಬನ್ಗೆ ತೋರ್ಸಕ್ಕೆ. ನಿಂಗೆ ಕಣ್ಣಿಲ್ವಾ?"

ಚಿಕ್ಕಸ್ವಾಮಿ ಬಹಳ ಹೊತ್ತು ಬಾಗಿಲಿಗೆ ಹರವಿದ್ದ ತಮ್ಮ ಪಂಚೆಯನ್ನೇ ನೋಡುತ್ತಾ ನಿಂತರು. ಕೊನೆಗೆ ಅದನ್ನು ಎಳೆದು ಮಡಿಸಿದರು.

"ನಿಮ್ಮಪ್ಪನ್ನ ಕಳ್ಸು," ಎಂದರು, ಯಾರ ಮುಖವನ್ನೂ ನೋಡದೆ. "ಆಗ್ತದೆ ಅಂತ ಹೇಳ್ತಿಲ್ಲ. ಕೂತು ಮಾತಾಡಾನ." ಹೇಳಿ ಗದ್ದೆಯ ಕಡೆ ನಡೆದುಬಿಟ್ಟರು.

ಅವನು ಡಬ್ಬವನ್ನು ಆಟೋಗೆ ಹೊತ್ತ. ಅವಳು ಹೊದಿಕೆ ಹಿಡಿದು ಹಿಂದೆ ಬಂದಳು.

"ಆವತ್ತು ಅಂದಿದ್ದು..." ಡಬ್ಬವನ್ನು ಸೀಟಿನ ಮೇಲಿಟ್ಟು ಅವಳತ್ತ ತಿರುಗಿದ. "ಇಂಥ ಹೆಣ್ಮಗ್ಳು ಅಂದೆನಲ್ಲ, ದಿನಾ ಅದೇ ಕಿವೀಲಿ ಕೇಳ್ತದೆ ಕಣ್ರೀ."

"ನಂಗೂ." ಅವಳ ಕಣ್ಣು ತುಂಬಿತ್ತು. "ಆವತ್ತೇ ತಪ್ಪಾಯ್ತು ಅನ್ಬೇಕಿತ್ತು ನಾನು. ಈಗ ಅಂತೀನಿ. ತಪ್ಪಾಯ್ತು."

ಅವಳು ಹೊದಿಕೆಯನ್ನು ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ.

"ನಿಮ್ಮತ್ರಾನೇ ಇರ್ಲಿ. ಅಮ್ಮ ಇದ್ದಿದ್ರೂ ನಿಮ್ಗೇ ಕೊಡೋರು."

ರಂಜಿತ ಮಣಿಯಂಚನ್ನು ಬೆರಳಲ್ಲಿ ಸವರಿದಳು.

ಆಟೋ ಶುರುವಾಯಿತು. ಅವನು ಹೊರಗೆ ಬಾಗಿ ಕೇಳಿದ.

"ಇನ್ಮೇಲೆ ಮಿಷನ್ ಕೆಡಕಿಲ್ಲ. ಆದ್ರೂ ಬತ್ತೀರಾ?"

"ಬತ್ತೀನಿ."