ಸೆಕೆಂಡಿಗೊಂದು ಗುಳ್ಳೆ

“ತೊಟ್ಟಿ ಗಿಡಕ್ಕೆ ಬಿಡೋ ಗ್ಯಾಸ್ ಸಿಲಿಂಡರ್, ಇರೋದರಲ್ಲೇ ದೊಡ್ಡದು ಕೊಡಿ. ಇವತ್ತೇ ಬೇಕು!”

ಅಕ್ವೇರಿಯಂ ಅಂಗಡಿಯ ಬಾಗಿಲು ದೂಡಿಕೊಂಡು ಬಂದವಳು ಒಂದೇ ಉಸಿರಿಗೆ ಇಷ್ಟು ಹೇಳಿ, ತನ್ನ ಫೋನನ್ನು ಗಲ್ಲಾದ ಮೇಲಿಟ್ಟಳು. ಅದರಲ್ಲಿ ಅವಳ ಮನೆಯ ಮೀನಿನ ತೊಟ್ಟಿಯ ಚಿತ್ರವಿತ್ತು. ಹಳದಿ ತಿರುಗಿದ ಎಲೆಗಳು, ಕೊಳೆತ ದಂಟುಗಳು, ಗಾಜಿಗೆಲ್ಲ ಮೆತ್ತಿಕೊಂಡ ಪಾಚಿ.

ಗಲ್ಲಾದ ಹಿಂದಿದ್ದವನು ಚಿತ್ರ ನೋಡಿದ. ಅವಳನ್ನು ನೋಡಿದ. ಮತ್ತೆ ಚಿತ್ರ ನೋಡಿದ.

ಒಂದು... ಎರಡು... ಮೂರು... ನಾಲ್ಕು...

“ಹಲೋ? ಲೈನಲ್ಲಿದ್ದೀರಾ?”

ಅಂದುಬಿಟ್ಟ ಮೇಲೆ ಅವಳೇ ನಾಲಿಗೆ ಕಚ್ಚಿಕೊಂಡಳು. ಅದು ಅವಳ ಕೆಲಸದ ಮಾತು. ಆಂಬ್ಯುಲೆನ್ಸ್ ಕರೆ ಕೇಂದ್ರದಲ್ಲಿ ಆರು ವರ್ಷದಿಂದ ಹೆಡ್‌ಫೋನ್ ಹಾಕಿಕೊಂಡು ಕೂತವಳು. ಆ ಕಡೆಯಿಂದ ಅಳು ಕೇಳಿದರೆ ಅವಳಿಗೆ ಭಯವಿಲ್ಲ, ಕಿರುಚಾಟ ಕೇಳಿದರೂ ಇಲ್ಲ. ಏನೂ ಕೇಳಿಸದಿದ್ದರೆ ಮಾತ್ರ ಭಯ. ಅವಳ ಪ್ರಕಾರ ಮೌನ ಎಂದರೆ ಅಲ್ಲಿ ಏನೋ ಕೆಟ್ಟದ್ದಾಗಿದೆ.

“ಇವತ್ತು ಕೊಡಲ್ಲ,” ಎಂದ ಅವನು ಕೊನೆಗೂ.

“ಏನು?!”

“ತೊಟ್ಟಿ ಎಷ್ಟು ಉದ್ದ, ಎಷ್ಟು ಮೀನಿವೆ, ದೀಪ ಎಷ್ಟು ಹೊತ್ತು ಉರಿಯುತ್ತೆ... ಬರ್ಕೊಂಡು ಬನ್ನಿ.”

“ಒಂದು ಸಿಲಿಂಡರ್ ಮಾರೋಕೆ ನನ್ನ ಪೂರ್ವಾಪರ ಎಲ್ಲ ಬೇಕಾ?”

ಅವಳ ಬೆರಳು ಗಲ್ಲಾದ ಮೇಲೆ ಟಕಟಕ ಕುಣಿಯತೊಡಗಿತು.

“ನಿಮ್ಮದಲ್ಲ. ಮೀನಿಂದು,” ಎಂದ.

ಎಂಥ ಜಂಬ! ಹೆಂಗಸರಿಗೆ ಯಂತ್ರ ತಿಳಿಯಲ್ಲ ಅಂದ್ಕೊಂಡಿದ್ದಾನಾ? ಅವಳು ಬಾಗಿಲನ್ನು ಧಡಾರನೆ ಎಳೆದುಕೊಂಡು ಹೋದಳು.

ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಕ್ಕ ಎಲ್ಲ ಕೇಳಿಸಿಕೊಂಡು, ಸೂಜಿಗೆ ದಾರ ಪೋಣಿಸುತ್ತಲೇ ನಕ್ಕಳು. ತಂಗಿಗೆ ‘ಪಟಾಕಿ’ ಎಂದು ಹೆಸರಿಟ್ಟವಳೂ ಅವಳೇ, ಹುಟ್ಟುಹಬ್ಬಕ್ಕೆ ಆ ತೊಟ್ಟಿ ತಂದುಕೊಟ್ಟವಳೂ ಅವಳೇ. ಇದನ್ನು ನೋಡಿಕೊಂಡಾದರೂ ದಿನಕ್ಕೆ ಐದು ನಿಮಿಷ ಒಂದು ಕಡೆ ಕೂರಲಿ ಎಂದು.

“ಅಂತೂ ನಿನ್ನ ಬಾಯಿ ಮುಚ್ಚಿಸೋನು ಒಬ್ಬ ಹುಟ್ಟಿದಾನೆ ಅನ್ನು!”

“ಬಾಯಿ ಮುಚ್ಚಿಸಲಿಲ್ಲ ಅಕ್ಕ, ಬಾಯೇ ಬಿಡಲಿಲ್ಲ. ಮೌನಿಬಾಬಾ!”

“ಸರಿ, ಆ ಬಾಬಾ ಕೇಳಿದ್ದನ್ನ ಬರ್ಕೊಂಡ್ಯಾ?”

ಬೈದುಕೊಂಡೇ ಬರೆದಳು. ಎರಡು ಅಡಿ ತೊಟ್ಟಿ. ಹನ್ನೆರಡು ಪುಟ್ಟ ಮೀನು. ಹತ್ತು ಗಂಟೆ ದೀಪ.

ಮರುದಿನ ಆ ಚೀಟಿ ಓದಿದ ಅಂಗಡಿಯವನ ಮುಖ ಅರಳಿದ್ದನ್ನು ಅವಳು ನೋಡಿದಳು. ನೋಡಿಲ್ಲವೆಂಬಂತೆ ಇದ್ದಳು.

“ದೀಪ ಜಾಸ್ತಿ ಆಯ್ತು. ಬೆಳಕಿದೆ, ಗಿಡಕ್ಕೆ ಕಾರ್ಬನ್ ಡೈಆಕ್ಸೈಡ್ ಇಲ್ಲ. ಅದಕ್ಕೇ ಗಿಡ ಸೊರಗಿ ಪಾಚಿ ಕೊಬ್ಬಿದೆ. ಏಳು ಗಂಟೆ ಸಾಕು.”

ಅವನು ಒಂದೊಂದೇ ಸಾಮಾನು ತಂದು ಗಲ್ಲಾದ ಮೇಲೆ ಜೋಡಿಸಿದ. ಮೊದಲು ಸಕ್ಕರೆ, ಯೀಸ್ಟ್ ಹಾಕಿ ಆ ಗ್ಯಾಸ್ ತಯಾರಿಸುವ ಪ್ಲಾಸ್ಟಿಕ್ ಬಾಟಲಿ.

“ಅಗ್ಗ. ಆದ್ರೆ ಒಮ್ಮೆ ಶುರುವಾದ್ರೆ ನಿಲ್ಲಲ್ಲ. ದೀಪ ಆರಿದ ಮೇಲೆ ಗಿಡಕ್ಕೆ ಗ್ಯಾಸ್ ಬೇಡ, ಮೀನಿಗೆ ಉಸಿರು ಕಟ್ಟುತ್ತೆ. ನಿಮಗೆ ಇದು ಬೇಡ.”

“ಆ ದೊಡ್ಡ ಸಿಲಿಂಡರ್?”

“ನಾಲ್ಕಡಿ ತೊಟ್ಟಿಗೆ. ನಿಮಗೆ ಈ ಚಿಕ್ಕದು. ಮೇಲೆ ಈ ರೆಗ್ಯುಲೇಟರ್. ದೀಪ ಆರಿದ ಕೂಡಲೇ ಗ್ಯಾಸನ್ನೂ ತಾನೇ ನಿಲ್ಲಿಸುತ್ತೆ.” ಆಮೇಲೆ ಒಂದು ಸಣ್ಣ ತಿರುಪು ತೋರಿಸಿದ. “ಎಲ್ಲಾ ಇರೋದು ಈ ವಾಲ್ವ್‌ನಲ್ಲಿ. ಕೂದಲೆಳೆಯಷ್ಟು ತಿರುಗಿಸಬೇಕು. ಸೆಕೆಂಡಿಗೊಂದು ಗುಳ್ಳೆ. ಅಷ್ಟೇ.”

ಅವನ ಬೆರಳು ತಿರುಪನ್ನು ಮುಟ್ಟಿದ ರೀತಿ ನೋಡುತ್ತಾ ಅವಳು ಮೈಮರೆತಳು. ಇಷ್ಟು ನಿಧಾನವಾಗಿ, ಇಷ್ಟು ಅಕ್ಕರೆಯಿಂದ ಯಾರಾದರೂ ಏನನ್ನಾದರೂ ಮುಟ್ಟುತ್ತಾರಾ...?

ಕೊನೆಗೆ ಅವನು ಗಾಜಿನ ಪುಟ್ಟ ಬುಡ್ಡಿಯೊಂದನ್ನು ಎತ್ತಿ ಹಿಡಿದ. ಅದರೊಳಗೆ ನೀಲಿ ದ್ರವವಿತ್ತು.

“ಇದು ತೊಟ್ಟಿಯೊಳಗೆ ಅಂಟಿಕೊಂಡಿರುತ್ತೆ. ನೀಲಿ ಅಂದ್ರೆ ಗ್ಯಾಸ್ ಕಮ್ಮಿ, ಹಸಿರು ಅಂದ್ರೆ ಸರಿ, ಹಳದಿ ಅಂದ್ರೆ ಅಪಾಯ. ಆದ್ರೆ ಇದು ತಡವಾಗಿ ಹೇಳುತ್ತೆ. ಎರಡು ಗಂಟೆ ಬೇಕು. ಅಲ್ಲಿವರೆಗೂ ವಾಲ್ವ್ ಮುಟ್ಟಬೇಡಿ.”

“ಹೂಂ,” ಎಂದಳು. ಮಾತು ಈ ಕಿವಿಯಲ್ಲಿ ಬಂದು ಆ ಕಿವಿಯಲ್ಲಿ ಹೋಗಿತ್ತು. ಬಿಲ್ಲಿಗೆ ತನ್ನ ವಿಳಾಸ, ನಂಬರು ಬರೆಸಿ, ಅವನ ನಂಬರು ಪಡೆದು ಹೊರಟಳು.

ಮುಂದಿನ ಒಂದೂವರೆ ತಿಂಗಳಲ್ಲಿ ಅವಳ ತೊಟ್ಟಿ ಹಸಿರಾಯಿತು. ಅವಳಿಗೆ ಮಾತ್ರ ಅಂಗಡಿಯ ಕೆಲಸ ಮುಗಿಯಲೇ ಇಲ್ಲ! ಒಂದು ದಿನ ಕೊಳವೆ ಬೇಕು, ಇನ್ನೊಂದು ದಿನ ಕತ್ತರಿ. ಮತ್ತೊಂದು ದಿನ ಏನು ಬೇಕೆಂದು ಅವಳಿಗೇ ನೆನಪಾಗಲಿಲ್ಲ. ಅವಳು ಬಡಬಡ ಮಾತಾಡುತ್ತಿದ್ದಳು, ಅವನು ಕೇಳುತ್ತಿದ್ದ. ಒಂದು ದಿನ ಗಲ್ಲಾದ ಪಕ್ಕ ಹೊಸ ಸ್ಟೂಲ್ ಬಂದಿತ್ತು. ಬೇರೆ ಯಾರೋ ಕೂರಲು ಹೋದಾಗ ಅವನು ಕೈ ಅಡ್ಡ ಹಿಡಿದದ್ದನ್ನು ಅವಳು ಬಾಗಿಲಲ್ಲೇ ಕಂಡಳು. ಆ ದಿನವಿಡೀ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆದರೆ ಹೇಳಲೊಲ್ಲನಲ್ಲ! ಒಂದು ಮಾತು... ಒಂದೇ ಒಂದು ಮಾತು...

ಕಾಯುವುದು ಅವಳ ಜಾಯಮಾನವೇ ಅಲ್ಲ. ಗುರುವಾರ ಸಂಜೆ ಸ್ಟೂಲಿನಿಂದ ದಿಢೀರನೆ ಎದ್ದಳು.

“ನಿಮಗೆ ನಾನಂದ್ರೆ ಇಷ್ಟಾನಾ?”

ಅವನ ಕೈಯಲ್ಲಿದ್ದ ಮೀನಿನ ಬಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಅವಳನ್ನೇ ನೋಡಿದ.

ಐದು... ಆರು... ಏಳು...

ಹನ್ನೊಂದು ಎಣಿಸುವಷ್ಟರಲ್ಲಿ ಬಾಗಿಲು ತೆರೆದು ಗಿರಾಕಿಯೊಬ್ಬರು ಬಂದರು. ಅವಳು ಅವರ ಪಕ್ಕದಿಂದಲೇ ಹೊರಬಿದ್ದಳು. ಕಣ್ಣು ಮಂಜಾಗಿತ್ತು. ‘ಉತ್ತರ ಬರಲಿಲ್ಲ ಅಂದ್ರೆ ಅದೇ ಉತ್ತರ. ಇನ್ನೇನು ಹೇಳಬೇಕು ಅವನು?’

ಶುಕ್ರವಾರ ಅವನ ಫೋನು ಬರಲಿಲ್ಲ. ಶನಿವಾರವೂ ಇಲ್ಲ. ಅವಳು ಊಟದ ತಟ್ಟೆಯಲ್ಲಿ ಗೆರೆ ಎಳೆದಳು, ಅಕ್ಕನ ದಾರದುಂಡೆಗಳನ್ನೆಲ್ಲ ಬಿಚ್ಚಿ ಮತ್ತೆ ಸುತ್ತಿದಳು.

ಭಾನುವಾರ ಬೆಳಿಗ್ಗೆ ಅಕ್ಕ ಹೊಲಿದ ಬಟ್ಟೆ ಕೊಡಲು ಹೋದಾಗ, ಕೈಗೆ ಏನಾದರೂ ಕೆಲಸ ಬೇಕೆಂದು ಇವಳು ತೊಟ್ಟಿ ಸ್ವಚ್ಛ ಮಾಡಲು ಕೂತಳು. ವಾಲ್ವ್ ಮುಚ್ಚಿ, ಕೊಳವೆ ತೊಳೆದು, ಬುಡ್ಡಿಯ ದ್ರವ ಬದಲಾಯಿಸಿ ಮತ್ತೆ ವಾಲ್ವ್ ಬಿಟ್ಟಳು.

ಬುಡ್ಡಿ ನೀಲಿಯಾಗಿತ್ತು.

ಹತ್ತು ನಿಮಿಷ. ಇನ್ನೂ ನೀಲಿ. ಸ್ವಲ್ಪ ತಿರುಗಿಸಿದಳು. ಇಪ್ಪತ್ತು ನಿಮಿಷ. ನೀಲಿಯೇ! “ನೀನೂ ಹಾಗೇನಾ? ನೀನೂ ಉತ್ತರ ಕೊಡಲ್ವಾ?” ಎಂದು ಬೈದು ಇನ್ನಷ್ಟು ತಿರುಗಿಸಿದಳು. ಗುಳ್ಳೆಗಳು ಎಣಿಸಲಾಗದಷ್ಟು ವೇಗವಾಗಿ ಏಳತೊಡಗಿದವು. ಅವಳು ಫೋನು ನೋಡಿದಳು, ಬಾಗಿಲು ನೋಡಿದಳು, ಬಟ್ಟೆ ಒಗೆಯಲು ಹೋದಳು.

ತಿರುಗಿ ಬಂದಾಗ ಬುಡ್ಡಿ ಅಚ್ಚ ಹಳದಿ. ಮೀನುಗಳೆಲ್ಲ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಒಂದು ಮೀನು ಪಕ್ಕಕ್ಕೆ ವಾಲಿತ್ತು.

ದಿನಕ್ಕೆ ನೂರು ಜನಕ್ಕೆ ‘ಗಾಬರಿ ಆಗಬೇಡಿ’ ಎನ್ನುವವಳಿಗೆ ಈಗ ಕೈಕಾಲೇ ಆಡಲಿಲ್ಲ. ಗೊತ್ತಿದ್ದದ್ದು ಒಂದೇ ನಂಬರು.

ಮೊದಲ ರಿಂಗಿಗೇ ಅವನು ಎತ್ತಿದ.

“ಅವು ಸಾಯ್ತಿವೆ... ನಾನೇ... ತಿರುಗಿಸ್ತಾನೇ ಇದ್ದೆ...”

“ವಾ... ವಾ... ವಾಲ್ವ್ ಮುಚ್ಚಿ! ಪೂ... ಪೂರ್ತಿ! ಗಾ... ಗಾಳಿ ಪಂಪ್ ಹಾಕಿ!”

ಅರೆಗಳಿಗೆ ಅವಳು ಬೆರಗಾದಳು. ಇದು ಅವನೇನಾ? ಅಳೆದು ತೂಗಿ ಮಾತಾಡುವ ಮೌನಿಬಾಬಾ ಮಾತು ಮಾತಿಗೂ ಮುಗ್ಗರಿಸುತ್ತಿದ್ದ. ಆದರೂ ನಿಲ್ಲಿಸಲಿಲ್ಲ.

“ಬ... ಬಕೆಟ್‌ನಲ್ಲಿ ಹಿಡಿದಿಟ್ಟ ನೀರಿದ್ಯಾ? ಕಾ... ಕಾಲು ಭಾಗ ತೆಗೆದು ಅದನ್ನ ಹಾಕಿ. ನಿ... ನಿಧಾನಕ್ಕೆ. ನಾನು ಬರ್ತಿದ್ದೀನಿ. ಫೋನ್ ಇಡಬೇಡಿ. ನಾ... ನಾನು ಲೈನಲ್ಲೇ ಇದ್ದೀನಿ.”

ಆರು ವರ್ಷದಿಂದ ಊರಿಗೆಲ್ಲ ಅವಳು ಹೇಳುತ್ತಾ ಬಂದ ಮಾತು ಅದು. ಅವಳಿಗೆ ಒಬ್ಬರೂ ಹೇಳಿರಲಿಲ್ಲ. ಅಳುತ್ತಲೇ ನೀರು ಹೊಯ್ದಳು.

ಇಪ್ಪತ್ತು ನಿಮಿಷಕ್ಕೆ ಅವನು ಬಂದ. ಎದೆಯ ಮೇಲೆ ಒದ್ದೆ ಏಪ್ರನ್, ಕಿವಿಗೆ ಇನ್ನೂ ಫೋನು.

“ಅಂಗಡಿ?”

“ಬಾಗಿಲು ಹಾಕೋದು ಮರೆತೆ.”

ಇಬ್ಬರೂ ತೊಟ್ಟಿಯ ಮುಂದೆ ನೆಲದ ಮೇಲೆ ಕೂತರು. ಒಂದೊಂದೇ ಮೀನು ಕೆಳಗಿಳಿದು ಗಿಡಗಳ ನಡುವೆ ಸೇರಿತು. ಹನ್ನೊಂದು. ವಾಲಿದ್ದ ಹನ್ನೆರಡನೆಯದು ಉಳಿಯಲಿಲ್ಲ. ಅವನು ಅದನ್ನು ಅಂಗೈಯಲ್ಲಿ ಎತ್ತಿಕೊಂಡು ಹೋಗಿ ಕಿಟಕಿಯ ಹೂಕುಂಡದ ಮಣ್ಣಲ್ಲಿಟ್ಟು ಬಂದ.

“ನಾನೇ ಕೊಂದೆ,” ಎಂದಳು ಬಿಕ್ಕುತ್ತಾ. “ನೀವು ಹೇಳಿದ್ರಿ, ತಡವಾಗಿ ಹೇಳುತ್ತೆ ಅಂತ. ನನಗೆ ಕಾಯೋಕೇ ಬರಲ್ಲ.”

ಅವಳು ಕಣ್ಣೊರೆಸಿಕೊಂಡು ಅವನತ್ತ ತಿರುಗಿದಳು.

“ಫೋನಲ್ಲಿ... ಮಾತು ಯಾಕೆ ಹಾಗೆ...?”

“ಚಿಕ್ಕಂದಿನಿಂದ ಹಾಗೇ. ಶಾಲೆಯಲ್ಲಿ ಎಲ್ಲ ನಗ್ತಿದ್ರು. ಅದಕ್ಕೇ ಮಾತನ್ನ ಮೊದಲು ಒಳಗೇ ಪೂರ್ತಿ ಹೇಳ್ಕೊಂಡು, ಆಮೇಲೆ ಹೊರಗೆ ಬಿಡ್ತೀನಿ. ಅವಸರ ಆದ್ರೆ ಎಡವುತ್ತೆ. ಫೋನಂದ್ರೆ ಇನ್ನೂ ಕಷ್ಟ. ಎರಡು ದಿನದಿಂದ ನಿಮ್ಮ ನಂಬರ್ ಒತ್ತಿ ಒತ್ತಿ ಇಟ್ಟಿದ್ದೀನಿ.”

“ಹಾಗಾದ್ರೆ ಗುರುವಾರ...”

“ಉತ್ತರ ಸಿದ್ಧ ಆಗಿತ್ತು. ಅಷ್ಟರಲ್ಲಿ ನೀವಿರಲಿಲ್ಲ. ಬಾಗಿಲಿಗೇ ಹೇಳಿಬಿಟ್ಟೆ. ಗಿರಾಕಿ ಗಾಬರಿಯಾಗಿ ಹೊರಟೇ ಹೋದ್ರು!”

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಹನ್ನೊಂದು ಸೆಕೆಂಡು ಕಾದಿದ್ದಳು. ಇನ್ನೊಂದೆರಡು ಸೆಕೆಂಡು ನಿಂತಿದ್ದರೆ...!

“ಈಗ ಹೇಳಿ. ನಾನು ಇಲ್ಲೇ ಇರ್ತೀನಿ,” ಎಂದಳು.

ಅವನು ಒಳಗೊಳಗೇ ಮಾತು ಜೋಡಿಸಿಕೊಳ್ಳಲು ಹೋಗಿ, ಬಿಟ್ಟುಬಿಟ್ಟ. ಹಾಗೇ ಬಾಯಿ ತೆರೆದ.

“ನಿ... ನಿನ್ನನ್ನ ಕಂಡ್ರೆ ನಂಗೆ... ಇ... ಇ...”

ಆ ಪದ ಅವಳಿಗೆ ಗೊತ್ತಿತ್ತು. ಅರ್ಧ ಮಾತನ್ನು ತಾನೇ ಪೂರ್ತಿ ಮಾಡುವುದು ಅವಳ ದಿನನಿತ್ಯದ ಕೆಲಸ. ಮೊದಲ ಸಲ ಅವಳು ತುಟಿ ಬಿಗಿಹಿಡಿದು ಕೂತಳು. ಎಣಿಸಲೂ ಇಲ್ಲ.

“ಇ... ಇಷ್ಟ. ತುಂಬಾ ಇಷ್ಟ. ಮೊದಲ ದಿನ ನನ್ನನ್ನ ಬೈದ್ಯಲ್ಲ, ಅವತ್ತಿಂದ.”

ಅವಳು ಅವನ ಒದ್ದೆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ತೊಟ್ಟಿಯ ಬುಡ್ಡಿ ಇನ್ನೂ ಹಳದಿಯಾಗಿಯೇ ಇತ್ತು. ಅದು ಹಸಿರಾಗಲು ಇನ್ನೆಷ್ಟು ಹೊತ್ತಾದರೂ ಆಗಲಿ, ಅವಳಿಗೆ ಎದ್ದು ಹೋಗುವ ಅವಸರವಿರಲಿಲ್ಲ.

“ಫೋನ್ ಇಟ್ಟೇ ಇಲ್ಲ ನೀನು,” ಎಂದಳು ನಗುತ್ತಾ. “ಇನ್ನೂ ಲೈನಲ್ಲಿದ್ದೀಯಾ?”

“ಇ... ಇದ್ದೀನಿ,” ಎಂದ. ಈ ಸಲ ಅವನು ಒಂದು ಕ್ಷಣವೂ ತಡಮಾಡಲಿಲ್ಲ.