ತಿರುವು ಬಿಡದ ಅಕ್ಕ

ಗುಹೆಯೊಳಗೆ ಇಬ್ಬರು ಸಿಕ್ಕಿಬಿದ್ದಿದ್ದರು. ಸರ್ವೆಗೆ ಹೋದ ತಮ್ಮ, ಅವನಿಗೆ ಅಳತೆ ಟೇಪು ಹಿಡಿಯುತ್ತಿದ್ದ ಊರಿನ ಒಬ್ಬ ಅಜ್ಜ. ಬಂಡೆ ಉರುಳಿ ತಮ್ಮನ ಕಾಲು ಜಜ್ಜಿತ್ತು, ಅಜ್ಜನ ಸೊಂಟ ಮುರಿದಿತ್ತು. ಬೆಟ್ಟದ ಮೇಲೆ ಬೆಳಗಿನಿಂದ ಮಳೆ. ನೀರು ನುಗ್ಗುವ ಮೊದಲು ಇಬ್ಬರನ್ನೂ ಹೊರಗೆ ತರಬೇಕಿತ್ತು.

ಹೊರಟವರು ಮೂವರು: ಜೀಪಿನ ಡ್ರೈವರ್, ಡುಮ್ಮಣ್ಣ ಎಂದೇ ಎಲ್ಲರೂ ಕರೆಯುವ ಆಸ್ಪತ್ರೆಯ ನರ್ಸ್, ಮತ್ತು ಅಕ್ಕ. ಕಾವಲುಗಾರರು, ದೋಣಿಯವರು, ಟ್ಯಾಕ್ಸಿಯವರು ಕೆಡಿಸಿಕೊಂಡು ತರುವ ವೈರ್‌ಲೆಸ್ ಸೆಟ್ಟುಗಳನ್ನು ರಿಪೇರಿ ಮಾಡುವುದು ಅವಳ ಕಸುಬು.

"ತಂತಿ ಇಲ್ಲ ಅಂದ ಮಾತ್ರಕ್ಕೆ ಇದು ಎಲ್ಲಾ ಕಡೆ ನುಗ್ಗಲ್ಲ," ಎಂದಳು ಅಕ್ಕ. "ಅಲೆ ಗಾಳೀಲಿ ಹೋಗುತ್ತೆ. ಬಂಡೆ ಅದನ್ನ ನುಂಗುತ್ತೆ, ನೀರೂ ನುಂಗುತ್ತೆ. ಅದಕ್ಕೇ ಗುಹೆ ಬಾಯಲ್ಲಿ ಒಬ್ಬರು, ಒಳಗೊಬ್ಬರು, ನಡುವೆ ತಿರುವಲ್ಲಿ ನಾನು. ಗುಂಡಿ ಒತ್ತಿದ್ರೆ ಮಾತು, ಬಿಟ್ರೆ ಕಿವಿ. ಕೇಳಿದ್ದನ್ನ ಕೇಳಿದ ಹಾಗೇ ದಾಟಿಸಬೇಕು, ಉಪ್ಪು ಖಾರ ಹಚ್ಚೋ ಹಾಗಿಲ್ಲ."

"ನಿಮ್ಮ ತಮ್ಮ ಅಲ್ವಾ ಅಕ್ಕ, ಒಳಗೆ ನೀವೇ ಹೋಗಬಾರದಾ?" ಎಂದ ಡ್ರೈವರ್.

"ನಾನು ಹೊತ್ಕೊಂಡು ಬರ್ತೀನಾ? ಡುಮ್ಮಣ್ಣ ಹೊರ್ತಾನೆ."

ಗುಹೆಯ ದಾರಿ ಮೊದಲು ಅಗಲವಾಗಿತ್ತು. ಛಾವಣಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಗೋಡೆ ಮುಟ್ಟಿದರೆ ಕೈಗೆ ಅಂಟುವ ಕೆಸರು. ತಿರುವಿನಲ್ಲಿ ನೆಲ ಏರಿ ಒಂದು ಜಗಲಿಯಷ್ಟು ಒಣ ಜಾಗವಿತ್ತು. ಅದರಾಚೆ ಮಂಡಿಯೂರಿ ತೆವಳಿಯೇ ದಾಟಬೇಕಾದ ತಗ್ಗು, ತಗ್ಗಿನಾಚೆ ಗಾಯಾಳುಗಳು ಮಲಗಿದ್ದ ಎತ್ತರದ ಹಾಸುಬಂಡೆ. ಡುಮ್ಮಣ್ಣ ಇಯರ್‌ಫೋನ್ ಸಿಕ್ಕಿಸಿಕೊಂಡು, ಬೈದುಕೊಳ್ಳುತ್ತ ತೆವಳಿದ. ಅಕ್ಕ ತಿರುವಿನಲ್ಲಿ ಕೂತಳು.

"ಇಬ್ಬರೂ ಬದುಕಿದಾರೆ," ಡುಮ್ಮಣ್ಣನ ದನಿ ಬಂತು. ಆಮೇಲೆ ಅವನು ಗಾಯಾಳುಗಳಿಂದ ದೂರ ಸರಿದು ಪಿಸುಗುಟ್ಟಿದ. "ನಿಮ್ಮ ತಮ್ಮ ಹೇಳ್ತಿದಾನೆ... ಮೊದಲು ಅಜ್ಜನ್ನ ಎತ್ತು, ನಮ್ಮಕ್ಕಂಗೆ ಮಾತ್ರ ಇದನ್ನ ಹೇಳ್ಬೇಡ ಅಂತ. ನೀವಿಲ್ಲಿರೋದು ಅವನಿಗೆ ಗೊತ್ತಿಲ್ಲ. ಎರಡು ಸಲ ಬಂದು ಹೋಗೋಕೆ ಹೊತ್ತಿದೆಯಾ, ಕೇಳಿ."

ಅಕ್ಕ ಅದಷ್ಟನ್ನೂ ಡ್ರೈವರನಿಗೆ ದಾಟಿಸಿದಳು.

"ಹೊರಗೆ ಹಳ್ಳದ ನೀರು ಬಂಡೆ ಮೇಲಿನ ಅಪಾಯದ ಹಳದಿ ಗುರುತು ಮುಟ್ಟಿದೆ," ಎಂದ ಡ್ರೈವರ್. "ತಗ್ಗು ತುಂಬೋಕೆ ಇನ್ನು ಇಪ್ಪತ್ತೇ ನಿಮಿಷ."

ಒಬ್ಬರನ್ನು ತಗ್ಗು ದಾಟಿಸಲು ಕಾಲು ಗಂಟೆ ಬೇಕು. ಸುಳ್ಳು ಹೇಳಿ ನಲವತ್ತು ಎಂದರೆ ಡುಮ್ಮಣ್ಣ ತಮ್ಮನಿಗಾಗಿ ಮತ್ತೆ ಇಳಿಯುತ್ತಾನೆ, ತಗ್ಗಿನಲ್ಲೇ ಇಬ್ಬರೂ ಮುಳುಗುತ್ತಾರೆ. ಇಪ್ಪತ್ತು ಎಂದರೆ ತಮ್ಮ ಅಲ್ಲೇ ಉಳಿಯುತ್ತಾನೆ. ಅತ್ತ ದರಿ, ಇತ್ತ ಪುಲಿ. ಅಕ್ಕ ಗುಂಡಿ ಒತ್ತಿದಳು.

"ಇಪ್ಪತ್ತೇ ನಿಮಿಷ," ಎಂದಳು. "ಒಬ್ಬರೇ. ನಿನ್ನ ಸೆಟ್ಟು ಅವನಿಗೆ ಕೊಡು, ತಿರುವಲ್ಲಿ ಒಬ್ಬರು ಕೇಳ್ತಾ ಇರ್ತಾರೆ ಅಂತಷ್ಟೇ ಹೇಳು. ಆಫ್ ಮಾಡಿಟ್ಟು, ಗಂಟೆಗೊಂದು ಸಲ ಆನ್ ಮಾಡಿ ಮೂರು ಸಲ ಗುಂಡಿ ಒತ್ತಲಿ. ಮಾತಾಡೋದು ಬೇಡ, ಬ್ಯಾಟರಿ ಉಳೀಬೇಕು."

ಡುಮ್ಮಣ್ಣ ಅಜ್ಜನನ್ನು ಬೆನ್ನಿಗೆ ಕಟ್ಟಿಕೊಂಡು ಬಂದಾಗ ನೀರು ಅವನ ಗಲ್ಲ ಮುಟ್ಟುತ್ತಿತ್ತು.

"ನಡೀರಿ ಅಕ್ಕ."

"ನೀನು ಹೋಗು. ಅಜ್ಜನ್ನ ಆಸ್ಪತ್ರೆಗೆ ಸೇರಿಸಿ ಇಬ್ಬರೂ ವಾಪಸ್ ಬನ್ನಿ."

ತಗ್ಗು ತುಂಬಿತು. ಒಂದು ಗಂಟೆಯಾಯಿತು, ಸೆಟ್ಟು ಸುಮ್ಮನಿತ್ತು. ಎರಡಾಯಿತು. ನೀರು ಅಲೆಯನ್ನು ನುಂಗುತ್ತಿದೆ ಅಷ್ಟೇ, ಎಂದು ಅಕ್ಕ ತನಗೆ ತಾನೇ ಹೇಳಿಕೊಂಡಳು. ತಾನೇ ಕಲಿಸಿದ ಪಾಠ ಅದು, ಆದರೂ ನಂಬುವುದಕ್ಕೆ ಕಷ್ಟವಾಯಿತು. ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಜಾಗ ಬಿಡಲಿಲ್ಲ.

ಹದಿನೆಂಟನೆಯ ಗಂಟೆಗೆ ನೀರು ಇಳಿಯತೊಡಗಿತು. ತಗ್ಗಿನ ನೀರಿನ ಮೇಲೆ ಒಂದು ಗೇಣು ಗಾಳಿಯ ತೆರಪು ಕಂಡಿತು.

ಟಿಕ್. ಟಿಕ್. ಟಿಕ್.

"ಡ್ರೈವರ್," ಎಂದಳು ಅಕ್ಕ. "ಡುಮ್ಮಣ್ಣನ್ನ ಕಳಿಸು."

ತಮ್ಮನ ಕಾಲು ಉಳಿಯುವ ಹಾಗಿರಲಿಲ್ಲ, ಅದನ್ನು ಡುಮ್ಮಣ್ಣ ನೋಡಿದ ತಕ್ಷಣ ಹೇಳಿದ. ಜೀಪಿನಲ್ಲಿ ಮಲಗಿದ ತಮ್ಮ ಕಣ್ಣು ಬಿಟ್ಟು ಅಕ್ಕನನ್ನು ನೋಡಿದ.

"ಅಜ್ಜ?"

"ಆಸ್ಪತ್ರೇಲಿ ಗಂಜಿ ಸರಿಯಿಲ್ಲ ಅಂತ ಜಗಳ ಆಡ್ತಿದಾರಂತೆ."

ತಮ್ಮ ಅವಳತ್ತ ತಲೆ ಹೊರಳಿಸಿದ. "ತಿರುವಲ್ಲಿ ಯಾರಿದ್ರು?"

"ನಾನೇ ಕಣೋ."

"ಹಾಗಾದ್ರೆ ಎಲ್ಲಾ ಕೇಳಿಸ್ಕೊಂಡೆ."

"ಕೇಳಿಸ್ಕೊಂಡೆ," ಎಂದಳು ಅಕ್ಕ. "ಒಂದಕ್ಷರ ಬಿಡದೆ ದಾಟಿಸಿದೆ."

ತಮ್ಮ ಅವಳ ಕೈ ಹಿಡಿದುಕೊಂಡ.